ಭೀಮವ್ವನ ಹಾಡಿನ ಧಾಟಿ ಯಾರ ಹತ್ತಿರ ಇದೆ?

ನಮ್ಮ ಕಾಲೇಜಿನ ಭಾಷಣ ಸ್ಪರ್ಧೆಗೆ ಈ ವರ್ಷ ಕೊಟ್ಟ ವಿಷಯ ‘ನಮ್ಮ ಭಾಗದ ಸಾಧಕರು’. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ಕಡೆಯವರು ಮಾತಾಡಿದೆವು. ಹಡಗಲಿಯವರು ಎಂ. ಪಿ. ಪ್ರಕಾಶರ ಬಗ್ಗೆ ಹೇಳಿ ಚಪ್ಪಾಳೆ ಗಿಟ್ಟಿಸಿದರು. ಹರಪನಹಳ್ಳಿ ಭೀಮವ್ವನ ಹೆಸರನ್ನು ಯಾರೂ ಎತ್ತಲಿಲ್ಲ. ಹರಪನಹಳ್ಳಿಯವಳೇ ಆದ ನಾನೂ ಎತ್ತಲಿಲ್ಲ, ಯಾಕೆಂದರೆ ಅಂಥವರು ಒಬ್ಬರಿದ್ದರು ಎಂಬುದೇ ನನಗೆ ಆಗ ಗೊತ್ತಿರಲಿಲ್ಲ.

ಗೊತ್ತಾದದ್ದು ಇಂಗ್ಲಿಷ್ ಕ್ಲಾಸಿನಿಂದ ಅಂದರೆ ನೀವು ನಗಬಹುದು. ಪ್ರಾಜೆಕ್ಟಿಗೆ ಒಬ್ಬ ಮಹಿಳಾ ಸಾಧಕಿಯ ಬಗ್ಗೆ ಎರಡು ಪುಟ ಬರೆಯಬೇಕಿತ್ತು. ನನ್ನ ಪಾಲಿಗೆ ಬಂದವರು ಎಥೆಲ್ ಸ್ಮೈತ್ ಎಂಬ ಇಂಗ್ಲಿಷ್ ಸಂಗೀತ ರಚನಕಾರ್ತಿ. ಹುಟ್ಟಿದ್ದು 1858, ತೀರಿಕೊಂಡದ್ದು 1944. ಆಕೆಯ ತಂದೆ ಬಂಗಾಳದ ಫಿರಂಗಿ ದಳದಲ್ಲಿ ಕೆಲಸ ಮಾಡಿದ್ದ ಸೇನಾಧಿಕಾರಿ. ಮಗಳು ಸಂಗೀತ ಕಲಿಯುತ್ತೇನೆ ಅಂದರೆ ಸುತರಾಂ ಒಪ್ಪಲಿಲ್ಲ. ಮಗಳು ಹಟ ಹಿಡಿದು ಕೋಣೆಯ ಬಾಗಿಲು ಹಾಕಿಕೊಂಡು ಕೂತಳು, ಕೊನೆಗೆ ಜರ್ಮನಿಯ ಲೈಪ್‌ಜಿಗ್‌ಗೆ ಹೋಗಿ ಕಲಿತಳು. 1903ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಆಕೆಯ ಕೃತಿ ಪ್ರದರ್ಶನ ಕಂಡಿತು. ಒಪೆರಾ ಅಂದರೆ ಗಾಬರಿ ಬೇಡ, ಹಾಡಿನಲ್ಲೇ ಕಥೆ ನಡೆಸುವ ನಾಟಕ. ನಮ್ಮ ಕಡೆಯ ದೊಡ್ಡಾಟ ನೆನೆಸಿಕೊಂಡರೆ ಸಾಕು. ಅದೇ ರಂಗದ ಮೇಲೆ ಇನ್ನೊಬ್ಬ ಹೆಣ್ಣುಮಗಳು ರಚಿಸಿದ ಒಪೆರಾ ಬರಲು 2016ರ ತನಕ ಕಾಯಬೇಕಾಯಿತು. ಹೆಂಗಸರಿಗೆ ಮತದ ಹಕ್ಕು ಕೊಡಿ ಎಂದು ಹೋರಾಡಿ 1912ರಲ್ಲಿ ಸ್ಮೈತ್ ಜೈಲಿಗೂ ಹೋದರು. ಜೈಲಿನ ಅಂಗಳದಲ್ಲಿ ಹೆಂಗಸರು ಆಕೆಯದೇ ಹಾಡು ಹಾಡುತ್ತಿದ್ದರೆ, ಈಕೆ ಕಿಟಕಿಯಿಂದ ಹಲ್ಲುಜ್ಜುವ ಬ್ರಷ್ ಆಡಿಸುತ್ತ ತಾಳ ಕೊಟ್ಟರಂತೆ. ಇಷ್ಟೆಲ್ಲ ಆದ ಮೇಲೂ ಸತ್ತ ನಂತರ ಇಂಗ್ಲೆಂಡು ಆಕೆಯನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿತು.

ಇದನ್ನು ಬರೆದು ತೋರಿಸಿದಾಗ ನಮ್ಮ ಕನ್ನಡ ಮೇಡಂ, “1903 ಅಂದ್ಯಲ್ಲ, ನಿಮ್ಮೂರಿನ ಭೀಮವ್ವ ತೀರಿಕೊಂಡ ವರ್ಷ ಅದು” ಅಂದರು. ಯಾವ ಭೀಮವ್ವ ಮೇಡಂ ಅಂತ ಕೇಳಿ ಬೈಸಿಕೊಂಡೆ.

ಹರಪನಹಳ್ಳಿ ಭೀಮವ್ವ ಹುಟ್ಟಿದ್ದು 1823. ಎಳೆಯ ವಯಸ್ಸಿನಲ್ಲೇ ತನಗಿಂತ ಬಹಳ ದೊಡ್ಡವರ ಜೊತೆ ಮದುವೆಯಾಯಿತು. ಮುಂದೆ ಗಂಡ ತೀರಿಕೊಂಡರು. ಆ ಕಾಲದ ವಿಧವೆಯ ಬದುಕು ಹೇಗಿತ್ತೆಂದು ನಾನು ಬಿಡಿಸಿ ಹೇಳಬೇಕಿಲ್ಲ. ‘ಭೀಮೇಶಕೃಷ್ಣ’ ಎಂಬ ಅಂಕಿತದಲ್ಲಿ ಆಕೆ ಕೀರ್ತನೆಗಳನ್ನು ಕಟ್ಟಿದರು. ‘ನಳಚರಿತ್ರೆ’, ‘ಸುಭದ್ರಾ ಕಲ್ಯಾಣ’ದಂಥ ಉದ್ದನೆಯ ಕಥನದ ಹಾಡುಗಳನ್ನೂ ಕಟ್ಟಿದರು. ಹರಿದಾಸ ಪರಂಪರೆಯ ಹೆಣ್ಣುಮಕ್ಕಳಲ್ಲಿ ಹೆಳವನಕಟ್ಟೆ ಗಿರಿಯಮ್ಮನ ನಂತರ ಈಕೆಯದು ದೊಡ್ಡ ಹೆಸರು.

ನನ್ನ ತಕರಾರು ಇರುವುದು ಇಲ್ಲಿ. ಭೀಮವ್ವನನ್ನು ಎಲ್ಲರೂ ಭಕ್ತೆ ಅನ್ನುತ್ತಾರೆ, ಕವಯಿತ್ರಿ ಅನ್ನುತ್ತಾರೆ. ಸಂಗೀತಗಾರ್ತಿ ಅನ್ನುವವರು ನನಗೆ ಸಿಗಲಿಲ್ಲ. ಮಾತನ್ನೂ ಹಾಡನ್ನೂ ಕೂಡಿಸಿ ಕಟ್ಟುವವರಿಗೆ ‘ವಾಗ್ಗೇಯಕಾರ’ ಎಂಬ ಒಳ್ಳೆಯ ಪದ ನಮ್ಮಲ್ಲಿದೆ. ತ್ಯಾಗರಾಜರಿಗೆ ಅದನ್ನು ಹಚ್ಚುತ್ತೇವೆ. ಆರತಿ ಎತ್ತುವಾಗ, ಹಸೆಗೆ ಕರೆಯುವಾಗ, ತೊಟ್ಟಿಲು ತೂಗುವಾಗ ಹಾಡುವ ಹಾಡು ಕಟ್ಟಿದವಳಿಗೆ ಹಚ್ಚುವುದಿಲ್ಲ. ಅಡುಗೆಮನೆಯಿಂದ ಪಡಸಾಲೆಗೆ ಬಂದ ಹಾಡು ಸಂಗೀತವಲ್ಲ ಅಂತ ಯಾರು ತೀರ್ಮಾನ ಮಾಡಿದರೋ!

ನಮ್ಮ ಓಣಿಯ ತುದಿಯ ಮನೆಯಲ್ಲಿ ಒಬ್ಬ ಅವ್ವ ಇದ್ದಾರೆ, ಎಂಬತ್ತು ದಾಟಿದೆ. ಭೀಮವ್ವನ ಹಾಡು ಬರುತ್ತದೇನು ಅಂತ ಕೇಳಿದೆ. “ಬರ್ತಾವವ್ವಾ, ಎರಡು ಪೂರ್ತಿ ಬರ್ತಾವ, ಒಂದು ಅರ್ಧ” ಅಂದರು. ಅವರು ಹಾಡಿದರು, ನಾನು ಪುಸ್ತಕ ಹಿಡಿದುಕೊಂಡು ಕೂತೆ. ಮಾತು ಹೆಚ್ಚುಕಡಿಮೆ ಪುಸ್ತಕದಲ್ಲಿದ್ದಂತೆಯೇ ಇತ್ತು. ಆದರೆ ಧಾಟಿ? ಅದೇ ಹಾಡನ್ನು ಯೂಟ್ಯೂಬಿನಲ್ಲಿ ಬೇರೆಯವರು ತಬಲಾ, ಹಾರ್ಮೋನಿಯಂ ಇಟ್ಟುಕೊಂಡು ಹಾಡಿದ್ದನ್ನು ಕೇಳಿದ್ದೆ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇದು ನಿಧಾನ. ಪ್ರತಿ ಸಾಲಿನ ಕೊನೆಗೆ ಒಂದು ತಿರುವು, ಬೀಸುಕಲ್ಲಿನ ಗೂಟ ಒಂದು ಸುತ್ತು ಬಂದು ನಿಂತ ಹಾಗೆ. “ನಮ್ಮತ್ತಿ ಹೇಳಿಕೊಟ್ಟದ್ದು, ಅವರಿಗೆ ಅವರತ್ತಿ” ಅಂದರು ಅವ್ವ. ಅತ್ತೆಯ ಅತ್ತೆಯ ತನಕ ಹೋದರೆ ಭೀಮವ್ವನ ಕೊನೆಗಾಲಕ್ಕೆ ಹತ್ತಿರ ಬರುತ್ತೇವೆ, ಲೆಕ್ಕ ಹಾಕಿ ನೋಡಿ. ಅದು ಭೀಮವ್ವನದೇ ಧಾಟಿ ಅಂತ ನಾನು ಹೇಳುತ್ತಿಲ್ಲ. ಆದರೆ ಅದಕ್ಕಿಂತ ಹತ್ತಿರದ್ದು ನಮಗೆ ಇನ್ನೆಲ್ಲಿ ಸಿಗಬೇಕು?

ಸ್ಮೈತ್ ಮರಳಿ ಬಂದದ್ದು ಹೇಗೆ ಗೊತ್ತೇ? ಆಕೆಯ ಸ್ವರಲಿಪಿ ಕಾಗದದ ಮೇಲೆ ಇತ್ತು. ಆಕೆ ಸತ್ತು ಎಪ್ಪತ್ತೈದು ವರ್ಷ ಕಳೆದ ಮೇಲೂ ಯಾರೋ ಕಪಾಟು ತೆಗೆದರು, ನುಡಿಸಿದರು. ‘ದಿ ಪ್ರಿಸನ್’ ಎಂಬ ಕೃತಿಯ ಧ್ವನಿಮುದ್ರಣಕ್ಕೆ 2021ರಲ್ಲಿ ಗ್ರ್ಯಾಮಿ ಬಂತು. ಭೀಮವ್ವನಿಗೆ ಅಂಥ ಕಪಾಟು ಇಲ್ಲ. ಇರುವುದು ಕೊರಳು ಮಾತ್ರ, ಅದಕ್ಕೂ ಎಂಬತ್ತು ದಾಟಿದೆ.

ಗೆಳತಿಯೊಬ್ಬಳು ನೇರವಾಗಿ ಕೇಳಿದಳು, “ದಾಸರ ಹಾಡು ಕಟ್ಕೊಂಡು ನಿನಗೇನಾಗಬೇಕೇ?” ಅವಳಿಗೆ ನನ್ನ ನಾನಿಯ ವಿಷಯ ಹೇಳಿದೆ. ನಾನಿ ದಖನಿಯಲ್ಲಿ ಮೆಹೆಂದಿ ಹಾಡು, ಜೋಗುಳ ಹಾಡುತ್ತಾರೆ. ಮೊದಲು ಬೀಸುವಾಗಿನ ಹಾಡುಗಳೂ ಬರುತ್ತಿದ್ದವಂತೆ, ಮನೆಗೆ ಮಿಕ್ಸಿ ಬಂದ ಮೇಲೆ ಮರೆತವಂತೆ. ಬಿಜಾಪುರದ ಸೂಫಿಗಳು ಹೆಂಗಸರು ಬೀಸುತ್ತ ಹಾಡಲೆಂದೇ ದಖನಿಯಲ್ಲಿ ‘ಚಕ್ಕಿನಾಮಾ’ಗಳನ್ನು ಬರೆದರು ಎಂದು ರಿಚರ್ಡ್ ಈಟನ್ ಎಂಬ ಇತಿಹಾಸಕಾರರು ಬರೆದಿದ್ದಾರೆ. ನಾನಿ ಮರೆತದ್ದು ಆ ಸಾಲಿನದೇನೋ, ಈಗ ಕೇಳುವುದಕ್ಕೆ ದಾರಿಯಿಲ್ಲ. ಓಣಿಯ ಅವ್ವನ ಹಾಡನ್ನು ಫೋನಿನಲ್ಲಿ ಕೇಳಿಸಿದಾಗ ನಾನಿ ಎರಡನೇ ಸಾಲಿಗೇ ಜೊತೆಗೆ ಗುನುಗಲು ಶುರು ಮಾಡಿದರು. ಮಾತು ದಖನಿಯದು, ಮೆಹೆಂದಿಯದು, ಆದರೆ ಆ ತಿರುವಿನ ಮೇಲೆ ಸರಿಯಾಗಿ ಕೂತಿತು. ಎರಡೂ ಒಂದೇ ಧಾಟಿ ಎನ್ನುವಷ್ಟು ಸಂಗೀತ ನನಗೆ ಬರುವುದಿಲ್ಲ. ಬಲ್ಲವರು ಕೇಳಿ ಹೇಳಬೇಕು. ಕೇಳುವುದಕ್ಕಾದರೂ ಅದು ಎಲ್ಲಿಯಾದರೂ ಉಳಿದಿರಬೇಕಲ್ಲ!

ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವುದು ಒಂದೇ ಸಾಲು. ಅದನ್ನು ಹಿಡಿಯಲು ಸಾವಿರಾರು ಫೋನು ಮೇಲೇಳುತ್ತವೆ, ಗಳಿಗೆಯಲ್ಲಿ ಕಾರಣಿಕ ರಾಜ್ಯವೆಲ್ಲ ಮುಟ್ಟುತ್ತದೆ. ಹಾಗಾಗಿ ಫೋನು ಇಲ್ಲ ಅನ್ನುವ ನೆಪ ನಮಗಿಲ್ಲ. ನನ್ನ ಸಲಹೆ ದೊಡ್ಡದೇನಲ್ಲ. ವಾರ್ಷಿಕೋತ್ಸವಕ್ಕೆ ಸಿನಿಮಾ ಹಾಡಿನ ಟ್ರ್ಯಾಕ್ ಹುಡುಕುವ ಒಂದು ವಾರದಲ್ಲಿ ಒಂದು ಸಂಜೆ ಬಿಟ್ಟುಕೊಡಿ. ಐದೂ ಕಡೆಯಿಂದ ಬರುವ ನಾವೆಲ್ಲ ನಮ್ಮ ಮನೆಯ, ಓಣಿಯ ಹಿರಿಯ ಹೆಂಗಸೊಬ್ಬರಿಂದ ಒಂದೊಂದು ಹಾಡು ಹಿಡಿದು ತರೋಣ. ಭೀಮವ್ವನದಿರಲಿ, ಸೋಬಾನೆ ಇರಲಿ, ಮೊಹರಮ್ಮಿನ ಅಲಾವಿ ಪದ ಇರಲಿ. ಜೊತೆಗೆ ಊರಿನ ಹೆಸರು, ಯಾರಿಂದ ಕಲಿತದ್ದು ಎಂಬ ಎರಡು ಸಾಲು. ಕಾಲೇಜಿನ ಕಂಪ್ಯೂಟರಿನಲ್ಲಿ ಒಂದು ಫೋಲ್ಡರಿಗೆ ಜಾಗ ಇದ್ದೇ ಇದೆ.

ತೊಡಕೂ ಇದೆ, ಮುಚ್ಚಿಡುವುದಿಲ್ಲ. ಹಾಡೇ ಬೇಡ ಎನ್ನುವ ಮನೆಗಳಿವೆ, ಆ ಮನೆಗಳನ್ನು ಒತ್ತಾಯಿಸುವುದು ತಪ್ಪು. ತಮ್ಮ ದನಿ ಪರಗಂಡಸರು ಕೇಳಬಾರದು ಎನ್ನುವ ಹಿರಿಯರೂ ಇದ್ದಾರೆ, ನನ್ನ ನಾನಿಯೇ ಒಬ್ಬರು. ಅವರ ಹಾಡನ್ನು ಹುಡುಗಿಯರು ಕಲಿತರೆ ಆಯಿತು, ಇಲ್ಲವೇ ಸಂಗೀತ ಬಲ್ಲ ಮೇಡಂ ಒಬ್ಬರು ಕೂತು ಸ್ವರ ಬರೆದುಕೊಂಡರೆ ಆಯಿತು.

ಅವ್ವನ ಎರಡು ಪೂರ್ತಿ ಹಾಡು ನನ್ನ ಫೋನಿನಲ್ಲಿವೆ. ಅರ್ಧ ಹಾಡಿನ ಉಳಿದರ್ಧ ಕೊಟ್ಟೂರಿನಲ್ಲಿರುವ ತಂಗಿಗೆ ಬರುತ್ತದೆ ಅಂದಿದ್ದಾರೆ. ಕೊಟ್ಟೂರಿನಿಂದ ದಿನಾ ಬಸ್ಸಿಗೆ ಬರುವವರು ಯಾರಾದರೂ ಒಂದು ಭಾನುವಾರ ನನ್ನ ಜೊತೆ ಆ ಮನೆಗೆ ಬರುವುದಾದರೆ, ದ್ವಿತೀಯ ಪಿಯು ಕಲಾ ವಿಭಾಗದ ಕೋಣೆಗೆ ಬಂದು ಹೇಳಿ.