ನಾಲ್ಕು ವರ್ಷದ ಸಿಪಾಯಿ, ಹೊಳೆಯಾಚೆಯ ಕೋವಿ

ಬೆಳಗಿನ ಮೊದಲ ಬಸ್ಸಿಗೆ ಬಿಳಿಕೆರೆಯಲ್ಲಿ ಕಾಯುವವರು ಹೆದ್ದಾರಿಯ ಅಂಚಿನಲ್ಲಿ ಓಡುವ ಹುಡುಗರನ್ನು ಕಂಡೇ ಇರುತ್ತಾರೆ. ಸೈನ್ಯದ ಭರ್ತಿಗೆ 1,600 ಮೀಟರ್ ಓಟವಿದೆ. ಅದರ ಅಭ್ಯಾಸ ಅದು. ಹೊಗೆಸೊಪ್ಪು ಬೇಯಿಸುವ ತಿಂಗಳುಗಳಲ್ಲಿ ರಾತ್ರಿಯೆಲ್ಲ ಬ್ಯಾರನ್ನಿನ ಬೆಂಕಿ ಕಾದ ಹುಡುಗನೇ ಮುಂಜಾನೆ ಬೂಟು ಕಟ್ಟಿ ಹೊರಡುತ್ತಾನೆ. ಇವರು ದಂಡಿಗೆ ಸೇರುವುದು ಬರಿಯ ದೇಶಭಕ್ತಿಯಿಂದ ಎಂದು ವೇದಿಕೆಯ ಮೇಲಿನವರು ಹೇಳಲಿ. ದೇಶಭಕ್ತಿ ಅವರಲ್ಲಿ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಎರಡು ಎಕರೆ ಖುಷ್ಕಿ ಮೂವರು ಅಣ್ಣತಮ್ಮಂದಿರಿಗೆ ಹಂಚಿಹೋದ ಮನೆಯಲ್ಲಿ, ತಿಂಗಳ ಸಂಬಳ, ಮುಪ್ಪಿಗೊಂದು ವಿಶ್ರಾಂತಿ ವೇತನ ಎಂಬ ಎರಡು ಮಾತು ತಾಯಿತಂದೆಗಳ ಕಿವಿಗೆ ಎಷ್ಟು ಹಿತವೆಂಬುದು ನಮಗೆ ಗೊತ್ತು.

ಆ ಎರಡನೆಯ ಮಾತನ್ನು ಕೇಂದ್ರ ಸರ್ಕಾರ 2022ರ ಜೂನ್ 14ರಂದು ಅಳಿಸಿಹಾಕಿತು. ಅಂದು ಪ್ರಕಟವಾದ ಅಗ್ನಿಪಥ ಯೋಜನೆಯ ಪ್ರಕಾರ ಸಿಪಾಯಿಯ ಸೇವೆ ನಾಲ್ಕೇ ವರ್ಷ. ಅವಧಿ ಮುಗಿದ ಮೇಲೆ ನೂರಕ್ಕೆ 25ರವರೆಗೆ ಉಳಿಸಿಕೊಳ್ಳುತ್ತಾರೆ, ಮಿಕ್ಕವರು ಊರಿಗೆ. ಅವರಿಗೆ ವಿಶ್ರಾಂತಿ ವೇತನವಿಲ್ಲ, ಉಪದಾನವಿಲ್ಲ, ಮಾಜಿ ಸೈನಿಕನೆಂಬ ಸ್ಥಾನವೂ ಇಲ್ಲ. ಅಧಿಕಾರಿಗಳ ನೇಮಕದಲ್ಲಿ ಮಾತ್ರ ಈ ನಾಲ್ಕು ವರ್ಷದ ಕಟ್ಟಳೆ ಇಲ್ಲ. ಕತ್ತರಿ ಬಿದ್ದದ್ದು ಕೆಳಗಿನ ದರ್ಜೆಗೆ.

ಹಣವನ್ನೇನು ಕಡಿಮೆ ಕೊಡುತ್ತೇವೆಯೆ, ನಾಲ್ಕು ವರ್ಷಕ್ಕೆ 11 ಲಕ್ಷ 71 ಸಾವಿರ ಕೈಗೆ ಬರುತ್ತದಲ್ಲ ಎಂಬುದು ಸರ್ಕಾರದ ಜವಾಬು. ಹಿಂದೆ ಹುಡುಗರಿಗೆ ಲೆಕ್ಕ ಹೇಳಿಕೊಟ್ಟ ಅಭ್ಯಾಸ ನಮ್ಮನ್ನು ಬಿಡದು; ವಾಚಕರು ಸೀಸದ ಕಡ್ಡಿ ತೆಗೆದುಕೊಳ್ಳಬೇಕು. ಮೊದಲ ವರ್ಷದ ಸಂಬಳ ತಿಂಗಳಿಗೆ 30,000, ಆಮೇಲೆ 33,000, 36,500, ಕೊನೆಯ ವರ್ಷ 40,000. ಪ್ರತಿ ತಿಂಗಳೂ ಇದರಲ್ಲಿ ನೂರಕ್ಕೆ 30 ಮುರಿದುಕೊಳ್ಳುತ್ತಾರೆ. ಮೊದಲ ವರ್ಷ ಹುಡುಗನ ಕೈಗೆ ಹೋಗುವುದು 21,000. ನಾಲ್ಕು ವರ್ಷದಲ್ಲಿ ಹೀಗೆ ಮುರಿದ ಹಣ 5,02,200 ರೂಪಾಯಿ. ಸರ್ಕಾರ ಅಷ್ಟನ್ನೇ ತನ್ನ ಕಡೆಯಿಂದ ಹಾಕುತ್ತದೆ, ಮೇಲೆ ಬಡ್ಡಿ. ಅಂದಮೇಲೆ ಸೇವಾನಿಧಿ ಎಂಬ ದೊಡ್ಡ ಹೆಸರಿನ ಗಂಟಿನಲ್ಲಿ ಅರ್ಧ ಹುಡುಗನ ಸ್ವಂತ ಬೆವರೇ! ಆ ಗಂಟನ್ನು ಒಂದು ಕಾಸೂ ಮುಟ್ಟದೆ ನೂರಕ್ಕೆ ಏಳರ ಬಡ್ಡಿಗೆ ಇಟ್ಟರೂ ತಿಂಗಳಿಗೆ ಏಳು ಸಾವಿರ ಮುಟ್ಟುವುದಿಲ್ಲ. ಏಳನೆಯ ವೇತನ ಆಯೋಗದ ನಂತರ ಕೇಂದ್ರ ಸರ್ಕಾರ ಗೊತ್ತುಮಾಡಿದ ಅತಿ ಕನಿಷ್ಠ ವಿಶ್ರಾಂತಿ ವೇತನವೇ 9,000, ತುಟ್ಟಿಭತ್ಯೆ ಬೇರೆ. ಮೇಲಾಗಿ ತಂಗಿಯ ಮದುವೆ, ಬ್ಯಾಂಕಿನ ಸಾಲ, ಬಾರದ ಮಳೆ ಇರುವ ಮನೆಯಲ್ಲಿ ಗಂಟು ಮುಟ್ಟದೆ ಉಳಿದೀತೆ? ಸೇವೆಯಲ್ಲಿರುವಾಗಲೇ ಹುಡುಗ ಸತ್ತರೆ 48 ಲಕ್ಷದ ವಿಮೆ ಉಂಟು, ನಿಜ. ಆದರೆ ಸಿಪಾಯಿಯ ವಿಧವೆಗೆ ಜೀವಮಾನವಿಡೀ ಬರುತ್ತಿದ್ದ ಕುಟುಂಬ ವೇತನ ಈ ಹುಡುಗನ ಮನೆಗಿಲ್ಲ.

ಇದು ಒಂದು ದಿನದಲ್ಲಿ ಆದದ್ದಲ್ಲ. 2004ರ ಜನವರಿ 1ರಿಂದ ಕೇಂದ್ರದ ಹೊಸ ನೌಕರರ ವಿಶ್ರಾಂತಿ ವೇತನವನ್ನು ಮಾರುಕಟ್ಟೆಯ ಏರಿಳಿತಕ್ಕೆ ಕಟ್ಟಿದಾಗ ಸೈನ್ಯವೊಂದನ್ನು ಹೊರಗಿಟ್ಟರು. ಸಿಪಾಯಿಯನ್ನು ಮುಟ್ಟಲಿಲ್ಲವಲ್ಲ ಎಂದು ನಮ್ಮಲ್ಲಿಯೂ ಹಲವರು ಸಮಾಧಾನಪಟ್ಟರು. ಹದಿನೆಂಟು ವರ್ಷಕ್ಕೆ ಸರದಿ ಬಂತು. ಹಳೆಯ ಸಿಪಾಯಿಗಳಿಗಾದರೂ ಸುಖವಿತ್ತೆ? ಒಂದೇ ದರ್ಜೆ, ಒಂದೇ ಸೇವೆಗೆ ಒಂದೇ ವಿಶ್ರಾಂತಿ ವೇತನ ಬೇಕೆಂದು ಪದಕ ತೊಟ್ಟ ಮುದುಕರು 2015ರಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಕೂರಬೇಕಾಯಿತು. ಆ ವರ್ಷ ನವೆಂಬರಿನಲ್ಲಿ ಆಜ್ಞೆ ಹೊರಟಿತು. ಐದು ವರ್ಷಕ್ಕೊಮ್ಮೆ ಪರಿಷ್ಕರಿಸುವ ಮಾತಿನಂತೆ 2019ರ ಜುಲೈನಿಂದ ಸಲ್ಲಬೇಕಾದ ಹೆಚ್ಚಳಕ್ಕೆ ಮಂತ್ರಿಮಂಡಲ ಒಪ್ಪಿದ್ದು 2022ರ ಡಿಸೆಂಬರಿನಲ್ಲಿ. ಎಪ್ಪತ್ತು ದಾಟಿದವರಿಗೆ ಇಂಥ ತಾರೀಖಿನೊಳಗೆ ಬಾಕಿ ಕೊಡಿ ಎಂದು ಸರ್ವೋಚ್ಚ ನ್ಯಾಯಾಲಯವೇ 2023ರಲ್ಲಿ ಗಡುವು ಹಾಕಬೇಕಾಯಿತು.

ಸಂಬಳದಲ್ಲಿಯೂ ಒಂದು ವಿಚಿತ್ರವಿದೆ. ಸೈನಿಕ ಜೀವನದ ವಿಶೇಷ ಕಷ್ಟಕ್ಕೆಂದು ಕೊಡುವ ಸೈನಿಕ ಸೇವಾ ವೇತನವನ್ನು ಏಳನೆಯ ಆಯೋಗದ ಕಾಲದಲ್ಲಿ ಅಧಿಕಾರಿಗೆ 15,500 ಎಂದೂ ಜವಾನನಿಗೆ 5,200 ಎಂದೂ ಗೊತ್ತುಮಾಡಿದರು. ಅಗ್ನಿವೀರನಿಗೆ ಸೊನ್ನೆ. ಸಿಯಾಚಿನ್ನಿನ ಚಳಿ ಹೆಗಲ ಮೇಲಿನ ನಕ್ಷತ್ರ ಎಣಿಸಿ ಕೊರೆಯುತ್ತದೆಯೆ? ಎಂಟನೆಯ ಆಯೋಗ 2025ರಲ್ಲಿ ರಚನೆಯಾಗಿದೆ. ಈ ಪ್ರಶ್ನೆ ಅದರ ಮುಂದೆ ಹೋಗಬೇಕು.

ಮಾಜಿ ಸೈನಿಕನೆಂಬ ಹೆಸರು ಇಲ್ಲದಿದ್ದರೇನು ನಷ್ಟ ಎನ್ನುವವರು ತಾಲ್ಲೂಕು ಕಚೇರಿಗೆ ಹೋಗಿ ನೋಡಲಿ. ನಮ್ಮ ರಾಜ್ಯದ 1969ರ ಭೂಮಂಜೂರಾತಿ ನಿಯಮಗಳಲ್ಲಿ ಮಾಜಿ ಸೈನಿಕನಿಗೆ ಮೀಸಲು ಇಟ್ಟಿದ್ದಾರೆ. ಆ ಮೀಸಲಿನ ಜಮೀನು ಎಷ್ಟು ಜನಕ್ಕೆ ದಕ್ಕಿತು, ಎಷ್ಟು ಅರ್ಜಿ ಗೆದ್ದಲಿಗೆ ಹೋಯಿತು ಎಂಬುದು ಬೇರೆಯೇ ಕಥೆ. ಕಾಗದದ ಮೇಲಿನ ಆ ಹಕ್ಕೂ ನಾಲ್ಕು ವರ್ಷದವನಿಗೆ ಇಲ್ಲವಾಗುತ್ತದೆ. ಫಿರಂಗಿ ಎಳೆಯುವ ಅಮೃತಮಹಲ್ ಎತ್ತುಗಳ ಸಂತತಿಗೆ ಕಾವಲುಗಳನ್ನೇ ಬಿಟ್ಟುಕೊಟ್ಟ ನಾಡು ಇದು; ಹುಣಸೂರು ಆ ಇಲಾಖೆಯ ದೊಡ್ಡ ಠಾಣ್ಯವಾಗಿತ್ತು. ಎತ್ತಿಗೆ ಸಿಕ್ಕ ಮರ್ಯಾದೆ ಮನುಷ್ಯನಿಗೆ ಬೇಡವೆ?

ಇನ್ನು ಕೋವಿಯ ಮಾತು. ದಂಡಿನಿಂದ ಬಂದವನು ಬ್ಯಾಂಕಿನ ಬಾಗಿಲು ಕಾಯಬೇಕಾದರೆ ಲೈಸೆನ್ಸಿನ ಕೋವಿ ಬೇಕು. ನಾಗರಹೊಳೆಯ ಅಂಚಿನಲ್ಲಿ, ಹನಗೋಡಿನ ಕಡೆಗೋ ಅಂತರಸಂತೆಯ ಕಡೆಗೋ ರಾಗಿ ಕಾಯುವ ರೈತನಿಗೂ ಬೇಕು. ಆನೆಯನ್ನು ಕೊಲ್ಲಲಿಕ್ಕಲ್ಲ, ಸದ್ದು ಮಾಡಿ ಓಡಿಸಲಿಕ್ಕೆ. ಅವನು ಅರ್ಜಿ ಹಾಕಿ ಪೋಲೀಸರ ವರದಿಗೆ ಕಾಯಬೇಕು, ಶುಲ್ಕ ಕಟ್ಟಬೇಕು, ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಯಲ್ಲಿ ಒಪ್ಪಿಸಬೇಕು. (ಹೊಗೆಸೊಪ್ಪು ಬೆಳೆಯಲೂ ಅವನಿಗೆ ಲೈಸೆನ್ಸು ಬೇಕು. ಲೈಸೆನ್ಸಿಲ್ಲದೆ ಅವನು ಮಾಡಬಹುದಾದದ್ದು ಸಾಲ ಒಂದೇ.) 2019ರ ತಿದ್ದುಪಡಿಯಲ್ಲಿ ಒಬ್ಬನಿಗೆ ಮೂರು ಕೋವಿ ಎಂಬುದನ್ನು ಒಂದಕ್ಕೆ ಇಳಿಸಹೊರಟು, ಆಕ್ಷೇಪಣೆ ಎದ್ದ ಮೇಲೆ ಎರಡಕ್ಕೆ ನಿಲ್ಲಿಸಿದರು, ಲೈಸೆನ್ಸಿನ ಅವಧಿ ಮೂರು ವರ್ಷ ಇದ್ದದ್ದು ಐದಾಯಿತು. ಮೂರು ಕೋವಿ ಇದ್ದವರ ಸಂಕಟ ಪಾರ್ಲಿಮೆಂಟಿಗೆ ಕೇಳಿಸಿತು, ಒಂದೂ ಇಲ್ಲದವನದು ಕೇಳಿಸಲಿಲ್ಲ.

ಇಷ್ಟೆಲ್ಲ ಪಿರಿಯಾಪಟ್ಟಣದ ದಡದ ಕಾನೂನು. ಬೈಲಕುಪ್ಪೆ ದಾಟಿ, ಕಾವೇರಿಯ ಸೇತುವೆ ದಾಟಿ ಕುಶಾಲನಗರಕ್ಕೆ ಕಾಲಿಟ್ಟರೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ಗೊಡವೆಯೇ ಇಲ್ಲ. 1857ರ ದಂಗೆಯ ಕಾಲದ ರಾಜನಿಷ್ಠೆಗೆ ಮೆಚ್ಚಿ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿ ಅದು. ಸ್ವತಂತ್ರ ಭಾರತವೂ 1963ರಲ್ಲಿ ಅದನ್ನು ಮುಂದುವರಿಸಿತು. 2019ರ ಅಕ್ಟೋಬರಿನಲ್ಲಿ ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿತು. 2021ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಕಾರಿಯಪ್ಪನವರನ್ನೂ ತಿಮ್ಮಯ್ಯನವರನ್ನೂ ಕೊಟ್ಟ ನೆರೆಯ ಜನರ ಮೇಲೆ ನಮಗೆ ಮತ್ಸರವಿಲ್ಲ. ಕೋವಿ ಅವರ ಮನೆಯ ಆಚಾರ, ಅದನ್ನು ಕಸಿಯಿರೆಂದು ನಾವು ಕೇಳುವವರಲ್ಲ. ನಮ್ಮ ತಕರಾರು ಅಳತೆಗೋಲಿನ ಮೇಲೆ. ಅದೇ ಕೊಡಗಿನಲ್ಲಿ ಅದೇ ಆನೆಯ ಕಾಲಿಗೆ ಸಿಕ್ಕುವ, ಜಮ್ಮಾ ಇಲ್ಲದ ಯರವ ಕೂಲಿಗೆ ವಿನಾಯಿತಿ ಇಲ್ಲ. ಕೋವಿ ಹುಟ್ಟನ್ನು ನೋಡಿ, ವಿಶ್ರಾಂತಿ ವೇತನ ಸೇರಿದ ತಾರೀಖನ್ನು ನೋಡಿ. ಮಾಡಿದ ಸೇವೆಯನ್ನಾಗಲಿ ಎದುರಿಸುವ ಅಪಾಯವನ್ನಾಗಲಿ ನೋಡುವ ಕಾಯಿದೆ ಒಂದೂ ಇಲ್ಲವೆ?

ಮನೆಗೊಂದು ಕೋವಿ ನಮ್ಮ ಬೇಡಿಕೆಯಲ್ಲ; ಕುಡಿದ ಕೈಗೆ ಕೋವಿ ಸಿಕ್ಕರೆ ಏನಾಗುತ್ತದೆಂದು ಹಳ್ಳಿಯವರಿಗೆ ಹೇಳಬೇಕಿಲ್ಲ. ಕಾಡಂಚಿನ ರೈತನ ಅರ್ಜಿಗೆ ಗಡುವಿನೊಳಗೆ ಹೌದೋ ಅಲ್ಲವೋ ಎಂಬ ಉತ್ತರ ಬೇಕು. ಹಿಂದೆ ಬಂದ ಹುಡುಗನಿಗೆ ಮಾಜಿ ಸೈನಿಕನ ಸ್ಥಾನ ಬೇಕು, ಸೇವೆಗೆ ತಕ್ಕ ವಿಶ್ರಾಂತಿ ವೇತನ ಬೇಕು. ಅರೆಸೈನಿಕ ಪಡೆಗಳಲ್ಲಿ ನೂರಕ್ಕೆ 10 ಜಾಗ ಎಂದು 2022ರಲ್ಲಿ ಹೇಳಿದ್ದುಂಟು. ಅಲ್ಲಿ ಮತ್ತೆ ಓಡಿ ತೋರಿಸಬೇಕಿಲ್ಲವೆಂಬ ವಿನಾಯಿತಿಯೂ ಉಂಟು.

ಮೊದಲ ತಂಡ ಸೇರಿದ್ದು 2022ರ ಕೊನೆಗೆ ಮತ್ತು 2023ರ ಮೊದಲಿಗೆ. ಅವರ ನಾಲ್ಕು ವರ್ಷ ತುಂಬುವುದು 2026ರ ಕೊನೆ, 2027ರ ಮೊದಲಿಗೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಿಂದ ಹೋದ ಹುಡುಗರ ಮನೆಯವರು ಸೇರಿದ ತಾರೀಖನ್ನೂ, ಕೋವಿಗೆ ಅರ್ಜಿ ಹಾಕಿ ಕಾಯುತ್ತಿರುವ ರೈತರು ಅರ್ಜಿಯ ತಾರೀಖನ್ನೂ ಒಂದು ಕಾರ್ಡಿನಲ್ಲಿ ಬರೆದು ನಮ್ಮ ಕಚೇರಿಗೆ ಕಳಿಸಬೇಕು. ಹೆಸರು ಬರೆಯಲು ಹೆದರುವವರು ಊರಿನ ಹೆಸರು ಬರೆದರೂ ಸಾಕು.