ಕಾರು ಹತ್ತಿ ಹೋದವನು, ಮನೆಯಲ್ಲಿ ಉಳಿದವಳು

ಆ ಹಾಡಿಗೆ ನಾನು ಮೊದಲು ಡಾನ್ಸ್ ಮಾಡಿದ್ದೆ, ಆಮೇಲೆ ಕೇಳಿದ್ದು.

2016ರ ಒಂದು ಆಫೀಸ್ ಪಾರ್ಟಿ. ಬ್ರಿಟನ್ನಿನ ಜೋನಸ್ ಬ್ಲೂ ಮಾಡಿದ್ದ 'ಫಾಸ್ಟ್ ಕಾರ್' ಕವರ್ ಆಗ ಎಲ್ಲ ಕಡೆ ಓಡ್ತಿತ್ತು. ನಾವೂ ಕೈ ಮೇಲೆತ್ತಿ ಕುಣಿದ್ವಿ. ಸಾಹಿತ್ಯದ ಕಡೆ ಗಮನ ಕೊಟ್ಟವರು ಯಾರೂ ಇರಲಿಲ್ಲ. ರಾತ್ರಿ ಪಿಜಿಗೆ ಬಂದು, ನಿದ್ದೆ ಬರದೆ, ಫೋನಿನಲ್ಲಿ ಹುಡುಕಿದಾಗ ಮೂಲ ಹಾಡು ಸಿಕ್ತು. ಗಿಟಾರಿನ ಸಣ್ಣದೊಂದು ಎಳೆ ಸುತ್ತಿ ಸುತ್ತಿ ಬರ್ತಿತ್ತು. ಅದರ ಮೇಲೆ ಒಂದು ತುಂಬು ದನಿ, ಯಾವ ಅವಸರವೂ ಇಲ್ಲದೆ ಮನೆಯ ಕಷ್ಟ ಹೇಳ್ತಿತ್ತು. ಅಪ್ಪ ಕುಡಿಯುತ್ತಾನೆ, ಅಮ್ಮ ಬಿಟ್ಟು ಹೋಗಿದ್ದಾಳೆ, ಮಗಳು ಅಪ್ಪನನ್ನು ನೋಡಿಕೊಳ್ಳೋಕೆ ಓದು ಬಿಟ್ಟಿದ್ದಾಳೆ.

ಇದಕ್ಕಾ ನಾವು ಕುಣಿದದ್ದು ಅನ್ನಿಸಿತು.

ಹಾಡಿದವಳು ಟ್ರೇಸಿ ಚಾಪ್‌ಮನ್. ಹಾಡು 1988ರ ಏಪ್ರಿಲ್‌ನಲ್ಲಿ ಬಂದ ಅವಳ ಮೊದಲ ಆಲ್ಬಮ್‌ನದು. ಆಲ್ಬಮ್‌ಗೆ ಅವಳ ಹೆಸರೇ ಹೆಸರು. ಒಟ್ಟು 11 ಹಾಡು, ಎಲ್ಲವನ್ನೂ ಬರೆದದ್ದು ಅವಳೇ. ಆಗ ಅವಳಿಗೆ 24 ವರ್ಷ.

ಅಮೆರಿಕದ ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಅವಳ ಊರು. ಬೆಳೆಸಿದ್ದು ಅಮ್ಮ. ದುಡ್ಡಿಗೆ ತಾಪತ್ರಯ ಇದ್ದ ಆ ಮನೆಯಲ್ಲೂ ಮಗಳಿಗೆ ಮೂರು ವರ್ಷ ಇದ್ದಾಗಲೇ ಆ ತಾಯಿ ಯುಕುಲೇಲಿ ತಂದುಕೊಟ್ಟಿದ್ದರು. ಹುಡುಗಿ ಸ್ಕಾಲರ್‌ಶಿಪ್ ಪಡೆದು ಕನೆಕ್ಟಿಕಟ್‌ನ ಬೋರ್ಡಿಂಗ್ ಶಾಲೆಗೆ ಹೋದಳು, ಮುಂದೆ ಬಾಸ್ಟನ್ ಹತ್ತಿರದ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಓದಿದಳು. ಆ ದಿನಗಳಲ್ಲಿ ಹಾರ್ವರ್ಡ್ ಸ್ಕ್ವೇರ್‌ನ ರಸ್ತೆ ಬದಿಯಲ್ಲಿ, ಕಾಫಿ ಅಂಗಡಿಗಳಲ್ಲಿ ಹಾಡ್ತಿದ್ದಳು. ಜೊತೆಗೆ ಓದುತ್ತಿದ್ದ ಬ್ರಯಾನ್ ಕೊಪಲ್‌ಮನ್‌ ಅವಳ ಹಾಡು ಕೇಳಿ, ಸಂಗೀತದ ವ್ಯವಹಾರದಲ್ಲಿದ್ದ ತನ್ನ ತಂದೆಗೆ ಹೇಳಿದ. ಅಲ್ಲಿಂದ ಎಲೆಕ್ಟ್ರಾ ಕಂಪನಿ ತನಕ ದಾರಿ ತೆರೆಯಿತು.

ಎಂಬತ್ತರ ದಶಕದ ಪಾಪ್ ಹಾಡುಗಳನ್ನ ಒಮ್ಮೆ ನೆನಪು ಮಾಡ್ಕೊಳ್ಳಿ. ಸಿಂಥಸೈಜರ್, ಡ್ರಮ್ ಮಷಿನ್, ಮಿಂಚುವ ಬಟ್ಟೆ. ಅದರ ನಡುವೆ ಸಾದಾ ಬಟ್ಟೆಯ ಕಪ್ಪು ಹುಡುಗಿಯೊಬ್ಬಳು ಗಿಟಾರ್ ಹಿಡಿದು ಬಡತನದ ಬಗ್ಗೆ ಹಾಡಿದರೆ ಯಾರು ಕೊಳ್ತಾರೆ? ನಿರ್ಮಾಪಕ ಡೇವಿಡ್ ಕರ್ಶನ್‌ಬಾಮ್ ಮಾಡಿದ ದೊಡ್ಡ ಉಪಕಾರ ಅಂದ್ರೆ ವಾದ್ಯಗಳನ್ನ ಹಿಂದೆ ಇಟ್ಟು, ದನಿ ಮತ್ತು ಗಿಟಾರನ್ನ ಮುಂದೆ ತಂದದ್ದು. 'ಬಿಹೈಂಡ್ ದ ವಾಲ್' ಹಾಡಿಗಂತೂ ಒಂದೂ ವಾದ್ಯ ಇಲ್ಲ. ಪಕ್ಕದ ಮನೆಯಲ್ಲಿ ಹೆಂಡತಿಗೆ ಬೀಳೋ ಏಟಿನ ಸದ್ದು ಗೋಡೆಯಾಚೆ ಮಲಗಿದವಳಿಗೆ ಕೇಳಿಸುತ್ತೆ. ಪೊಲೀಸರು ಬಂದರೂ ತಡವಾಗಿ ಬರ್ತಾರೆ. ಅಪಾರ್ಟ್‌ಮೆಂಟಿನಲ್ಲಿರೋ ನಮಗೆ ಅದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಆಲ್ಬಮ್ ಜಗತ್ತಿಗೆ ಗೊತ್ತಾಗಿದ್ದು ಒಂದು ಆಕಸ್ಮಿಕದಿಂದ. 1988ರ ಜೂನ್ 11, ಲಂಡನ್ನಿನ ವೆಂಬ್ಲಿ ಸ್ಟೇಡಿಯಂ. ಇನ್ನೂ ಜೈಲಿನಲ್ಲಿದ್ದ ನೆಲ್ಸನ್ ಮಂಡೇಲಾ ಅವರ 70ನೇ ಹುಟ್ಟುಹಬ್ಬದ ಸಂಗೀತ ಕಾರ್ಯಕ್ರಮ, ಹತ್ತಾರು ದೇಶಗಳಲ್ಲಿ ಟಿವಿ ಪ್ರಸಾರ. ಟ್ರೇಸಿ ಮಧ್ಯಾಹ್ನವೇ ತನ್ನ ಪಾಲಿನ ಹಾಡು ಮುಗಿಸಿದ್ದಳು. ಸಂಜೆ ಸ್ಟೀವಿ ವಂಡರ್ ವೇದಿಕೆಗೆ ಬರಬೇಕು, ಆದರೆ ಅವರ ವಾದ್ಯಕ್ಕೆ ಬೇಕಾದ ಹಾರ್ಡ್ ಡಿಸ್ಕೇ ಇಲ್ಲ! ಅವರು ಬೇಸರದಿಂದ ಹೊರಟುಬಿಟ್ರು. ಖಾಲಿ ಹೊತ್ತು ತುಂಬಬೇಕಿತ್ತು. ಟ್ರೇಸಿಗೆ ಬೇಕಾದ್ದು ಒಂದು ಗಿಟಾರ್, ಒಂದು ಮೈಕ್ ಅಷ್ಟೇ, ಹಾಗಾಗಿ ಅವಳನ್ನೇ ಮತ್ತೆ ಕರೆದರು. ಗಲಾಟೆಯಲ್ಲಿದ್ದ ಸ್ಟೇಡಿಯಂ ನಿಧಾನಕ್ಕೆ ಸುಮ್ಮನಾಯ್ತು. ಆಗಸ್ಟ್ ಹೊತ್ತಿಗೆ ಆಲ್ಬಮ್ ಅಮೆರಿಕದ ಪಟ್ಟಿಯಲ್ಲಿ ನಂಬರ್ ಒನ್. ಮುಂದಿನ ವರ್ಷ ಮೂರು ಗ್ರ್ಯಾಮಿ. ಅದೇ 1988ರ ಸೆಪ್ಟೆಂಬರ್ 30ಕ್ಕೆ, ಆಮ್ನೆಸ್ಟಿಯ ಮಾನವ ಹಕ್ಕುಗಳ ಪ್ರವಾಸದ ಜೊತೆ ಅವಳು ದೆಹಲಿಗೂ ಬಂದು ಹಾಡಿದ್ದಳು.

ಈಗ ನನ್ನ ವಿಷಯಕ್ಕೆ ಬರ್ತೀನಿ.

ನಮ್ಮೂರು ತಿಪಟೂರು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೀತಿದ್ರು. ಅಮ್ಮ ಹೋದ ಮೇಲೆ ಕುಡಿತ ಶುರುವಾಯ್ತು. ನನಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ತು, ಬೆಳಗಿನ ಟ್ರೈನ್ ಹತ್ತಿ ಬಂದುಬಿಟ್ಟೆ. ಆ ಹಾಡು ಸಿಕ್ಕ ಮೇಲೆ ವರ್ಷಗಟ್ಟಲೆ ಅದನ್ನ ನನ್ನದೇ ಕಥೆ ಅಂದ್ಕೊಂಡು ಕೇಳಿದೆ. ಊರು ಬಿಟ್ಟು ಹೊರಟವನು ನಾನಲ್ವಾ? ಕಾರಿನ ಬದಲು ಟ್ರೈನು, ಅಷ್ಟೇ ವ್ಯತ್ಯಾಸ. ಅಪ್ರೈಸಲ್ ಚೆನ್ನಾಗಿ ಆದ ದಿನ ಕೇಳ್ತಿದ್ದೆ, ಆಗದ ದಿನವೂ ಕೇಳ್ತಿದ್ದೆ.

2023ರಲ್ಲಿ ಲ್ಯೂಕ್ ಕೂಂಬ್ಸ್ ಅನ್ನೋ ಅಮೆರಿಕದ ಕಂಟ್ರಿ ಗಾಯಕ ಅದೇ ಹಾಡನ್ನ ಮತ್ತೆ ಹಾಡಿದ. ಸಣ್ಣವನಿದ್ದಾಗ ಅಪ್ಪನ ಟ್ರಕ್ಕಿನಲ್ಲಿ ಕೇಳಿದ್ದ ಹಾಡಂತೆ. ಅಂಗಡಿಯ ಬಿಲ್ಲಿಂಗ್ ಕೌಂಟರಿನ ಹುಡುಗಿ ಅನ್ನೋ ಮಾತನ್ನೂ ಗಂಡಸಿಗೆ ಹೊಂದಿಸಿಕೊಳ್ಳದೆ, ಇದ್ದ ಹಾಗೇ ಹಾಡಿದ. ಆ ವರ್ಷ ಕಂಟ್ರಿ ಸಂಗೀತದ ದೊಡ್ಡ ಪ್ರಶಸ್ತಿಯಾದ ಸಿಎಂಎಯ ವರ್ಷದ ಹಾಡು ಗೌರವ ಬರೆದವಳಿಗೆ, ಅಂದ್ರೆ ಟ್ರೇಸಿಗೆ ಬಂತು. ಹಾಡು ಹುಟ್ಟಿ 35 ವರ್ಷ ಆಗಿತ್ತು, ಆ ಪ್ರಶಸ್ತಿ ಪಡೆದ ಮೊದಲ ಕಪ್ಪು ವ್ಯಕ್ತಿ ಅವಳು. 2024ರ ಫೆಬ್ರವರಿಯಲ್ಲಿ ಗ್ರ್ಯಾಮಿ ವೇದಿಕೆಯಲ್ಲಿ ಇಬ್ಬರೂ ಸೇರಿ ಹಾಡಿದರು. ತಲೆ ತುಂಬ ಬೆಳ್ಳಿ ಕೂದಲು, ಮುಖದಲ್ಲೊಂದು ನಗು. ಪಕ್ಕದಲ್ಲಿ ಕೂಂಬ್ಸ್ ಅವಳನ್ನೇ ನೋಡ್ತಾ ತಾನೂ ತುಟಿ ಆಡಿಸ್ತಿದ್ದ.

ಆ ವಿಡಿಯೋ ನೋಡಿದ್ದು ಊರಲ್ಲಿ, ಹಬ್ಬಕ್ಕೆ ಹೋದಾಗ. ಅಡುಗೆಮನೆಯಲ್ಲಿ ತಂಗಿ ಅಪ್ಪನ ಮಾತ್ರೆಗಳನ್ನ ಡಬ್ಬಿಗೆ ವಿಂಗಡಿಸ್ತಾ ಇದ್ದಳು. ಬೆಳಗಿಂದು, ಮಧ್ಯಾಹ್ನದ್ದು, ರಾತ್ರಿದು. ನನ್ನ ಕಿವಿಯಲ್ಲಿ ಇಯರ್‌ಫೋನ್. ಅಪ್ಪನಿಗೋಸ್ಕರ ಓದು ಬಿಟ್ಟ ಹುಡುಗಿಯ ಸಾಲು ಬಂತು. ನಾನು ತಲೆ ಎತ್ತಿ ಅವಳನ್ನ ನೋಡಿದೆ.

ಪುಟ್ಟಿ ಬಿಕಾಂ ಎರಡನೇ ವರ್ಷಕ್ಕೇ ನಿಲ್ಲಿಸಿದ್ದಳು. ಯಾರೂ ನಿಲ್ಲಿಸು ಅಂದಿರಲಿಲ್ಲ. ಯಾರೂ ಬೇಡ ಅಂತಲೂ ಅನ್ನಲಿಲ್ಲ. ನಾನು ಪ್ರತಿ ತಿಂಗಳು ದುಡ್ಡು ಕಳಿಸ್ತಿದ್ದೆ, ನನ್ನ ಪಾಲಿನದು ಮುಗೀತು ಅಂದ್ಕೊಂಡಿದ್ದೆ. ಎಂಟು ವರ್ಷ ನಾನು ನನ್ನ ಕಥೆ ಅಂತ ಕೇಳಿದ್ದು ಅವಳ ಕಥೆ. ಅವಳಿಗೆ ಕಾರು ತಂದವರು ಮಾತ್ರ ಯಾರೂ ಇರಲಿಲ್ಲ.

ಈ ಆಲ್ಬಮ್ ಯಾಕೆ ಇನ್ನೂ ಉಳಿದಿದೆ ಅಂತ ಕೇಳಿದ್ರೆ ನನ್ನ ಉತ್ತರ ಇದೇ. ಊರು ಬಿಟ್ಟರೆ ಎಲ್ಲ ಸರಿಹೋಗುತ್ತೆ ಅಂತ ಅದು ಸುಳ್ಳು ಹೇಳಲ್ಲ. ಹಾಡಿನ ಹುಡುಗಿ ಪಟ್ಟಣಕ್ಕೆ ಹೋಗ್ತಾಳೆ, ದುಡೀತಾಳೆ, ಕೊನೆಗೆ ಜೊತೆಗೆ ಬಂದವನೇ ಅಪ್ಪನ ಥರ ಕುಡುಕನಾಗ್ತಾನೆ. ಮನೆ ಬಾಡಿಗೆ, ಸಂಬಳ, ಕುಡಿತ, ಮಕ್ಕಳು, ಇವು ಹಳೇ ಆಗೋ ವಿಷಯಗಳಲ್ಲ. ಇಪ್ಪತ್ತೆರಡಕ್ಕೆ ಕೇಳಿದಾಗ ಕಾರು ಮಾತ್ರ ಕಾಣುತ್ತೆ. ಮೂವತ್ತಕ್ಕೆ ಕೇಳಿದಾಗ ಹಿಂದೆ ಉಳಿದ ಮನೆ ಕಾಣುತ್ತೆ.

ಪುಟ್ಟಿಗೆ ಒಂದು ಕಿವಿಯ ಇಯರ್‌ಫೋನ್ ಕೊಟ್ಟು ಪಕ್ಕದಲ್ಲಿ ಕೂರಿಸ್ಕೊಂಡೆ. ಅವಳಿಗೆ ಇಂಗ್ಲಿಷ್ ಹಾಡು ಅಷ್ಟಕ್ಕಷ್ಟೆ. ನಿಲ್ಲಿಸಿ ನಿಲ್ಲಿಸಿ ಕಥೆ ಹೇಳಿದೆ. ಪೂರ್ತಿ ಕೇಳಿ, ಡಬ್ಬಿ ಮುಚ್ಚಿ, ಒಂದೇ ಪ್ರಶ್ನೆ ಕೇಳಿದಳು:

"ಅಣ್ಣ, ಆ ಹುಡುಗಿ ಆಮೇಲೆ ಓದಿದ್ಲಾ?"

ಹಾಡಿನಲ್ಲಿ ಅದು ಬರಲ್ಲ ಕಣೇ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಮುಕ್ತ ವಿವಿಗೆ ಅಡ್ಮಿಷನ್ ಯಾವಾಗ ಶುರು ಅಂತ ನೋಡ್ತೀಯಾ?" ಅಂದಳು.

ಈಗ ಅವಳು ಕೊನೆಯ ವರ್ಷದಲ್ಲಿದ್ದಾಳೆ. ಪರೀಕ್ಷೆ ಇದ್ದಾಗ ನಾನು ರಜೆ ಹಾಕಿ ತಿಪಟೂರಿಗೆ ಹೋಗ್ತೀನಿ. ಮಾತ್ರೆ ಡಬ್ಬಿ ತುಂಬೋದು ಕಲಿತಿದ್ದೀನಿ. ಬೆಳಗಿಂದು, ಮಧ್ಯಾಹ್ನದ್ದು, ರಾತ್ರಿದು.