ಕಿಯೋ: 18,999 ಬಿಡಿ, 15ರ ಲೆಕ್ಕ ನೋಡಿ

ಕಿಯೋ ಕಂಪ್ಯೂಟರಿಗೆ ಲಿನಕ್ಸ್ ಹಾಕಿದ್ದು ಸರಿಯಾದ ತೀರ್ಮಾನ. ವಿಂಡೋಸ್‌ಗೆಂದೇ ಬರೆದ ಆಟಗಳು ಅದರಲ್ಲಿ ಓಡುತ್ತವೆಯೇ ಎಂಬ ಪ್ರಶ್ನೆಯನ್ನು ಬದಿಗಿಟ್ಟದ್ದು ತಪ್ಪು, ಸಣ್ಣ ತಪ್ಪೂ ಅಲ್ಲ. 2025ರ ನವೆಂಬರಿನ ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ಕರ್ನಾಟಕ ಸರ್ಕಾರ ತನ್ನ ಕಿಯೋನಿಕ್ಸ್ ನಿಗಮದ ಮೂಲಕ ಈ ಪುಟ್ಟ ಪೆಟ್ಟಿಗೆಯನ್ನು ಮುಂದಿಟ್ಟಂದಿನಿಂದ ಮಾತೆಲ್ಲ 18,999 ರೂಪಾಯಿಯ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಅಗ್ಗವಾಯಿತೇ, ದುಬಾರಿಯಾಯಿತೇ, ಮೊಬೈಲಿನ ಬೆಲೆಗೆ ಕಂಪ್ಯೂಟರ್ ಬಂತೇ? ಈ ಯಂತ್ರದ ಹಣೆಬರಹ ಬರೆಯುವ ಅಂಕಿ ಅದಲ್ಲ. ಅದು 15.

2024ರಲ್ಲಿ ಬಾಕ್ಸ್64 ಎಂಬ ಮುಕ್ತ ತಂತ್ರಾಂಶ ಕಟ್ಟುತ್ತಿರುವವರು ‘ದಿ ವಿಚರ್ 3’ ಎಂಬ ವಿಂಡೋಸ್ ಆಟವನ್ನು ಲಿನಕ್ಸ್ ಇರುವ, ರಿಸ್ಕ್-ಫೈವ್ ಜಾತಿಯ ಪ್ರೊಸೆಸರಿನ ಯಂತ್ರದಲ್ಲಿ ಓಡಿಸಿ ತೋರಿಸಿದರು. ಆ ಯಂತ್ರಕ್ಕೆ 64 ಕೋರ್. ಜೊತೆಗೆ ಪ್ರತ್ಯೇಕ ಎಎಂಡಿ ಗ್ರಾಫಿಕ್ಸ್ ಕಾರ್ಡ್. ಆಟವೋ 2015ರದು. ಇಷ್ಟಿದ್ದೂ ದಕ್ಕಿದ್ದು ಸೆಕೆಂಡಿಗೆ ಸುಮಾರು 15 ಫ್ರೇಮ್. ಸಿನಿಮಾ ಓಡುವುದು 24ರಲ್ಲಿ. ಆಟಕ್ಕೆ 30 ಇಲ್ಲದಿದ್ದರೆ ಕೈ ಆಡಿದ್ದು ಪರದೆಯ ಮೇಲೆ ತಡವಾಗಿ ಕಾಣುತ್ತದೆ. ಸಾಧನೆಯೇನೋ ದೊಡ್ಡದು, ಅದನ್ನು ಮಾಡಿದವರಿಗೆ ನಮಸ್ಕಾರ. ಆದರೆ ಕಿಯೋ ಒಳಗಿರುವುದೂ ರಿಸ್ಕ್-ಫೈವ್ ಪ್ರೊಸೆಸರೇ, ಮತ್ತು ಅದು ಮನೆಮೇಜಿನ ಮೇಲೆ ಕೂರುವ ಚಿಕ್ಕ ಪೆಟ್ಟಿಗೆ.

ಲಿನಕ್ಸ್‌ನಲ್ಲಿ ಈಗ ಎಲ್ಲ ಆಟವೂ ನಡೆಯುತ್ತದಲ್ಲ, ಕೈಯಲ್ಲಿ ಹಿಡಿದು ಆಡುವ ಲಿನಕ್ಸ್ ಯಂತ್ರ ಸ್ಟೀಮ್ ಡೆಕ್ ನೋಡಿ ಎನ್ನುವವರಿದ್ದಾರೆ. ಅವರ ಮಾತು ಅರ್ಧ ನಿಜ; ಉಳಿದರ್ಧದಲ್ಲೇ ತೊಡಕಿರುವುದು. ಆಟವೊಂದು ವಿಂಡೋಸ್‌ಗೆ ಕೊಡುವ ಕರೆಗಳನ್ನು ವೈನ್ ಎಂಬ ಮುಕ್ತ ತಂತ್ರಾಂಶ ಹಿಡಿದು ಲಿನಕ್ಸ್‌ಗೆ ತಿಳಿಯುವಂತೆ ದಾಟಿಸುತ್ತದೆ. ಪ್ರೊಸೆಸರಿನ ಆದೇಶಗಳನ್ನು ಮಾತ್ರ ಅದು ಮುಟ್ಟುವುದಿಲ್ಲ. ಇಂಟೆಲ್, ಎಎಂಡಿ ಚಿಪ್‌ಗಳಿಗೆಂದು ಬರೆದ ಆಟ ಅದೇ ಜಾತಿಯ ಚಿಪ್ ಮೇಲೆ ಇದ್ದಂತೆಯೇ ಓಡುತ್ತದೆ. ಸ್ಟೀಮ್ ಡೆಕ್‌ನಲ್ಲಿರುವುದು ಎಎಂಡಿ ಚಿಪ್, ಹಾಗಾಗಿ ಅಲ್ಲಿ ವೇಗಕ್ಕೆ ಹೆಚ್ಚು ಪೆಟ್ಟು ಬೀಳುವುದಿಲ್ಲ. ರಿಸ್ಕ್-ಫೈವ್ ಮೇಲೆ ಹಾಗಲ್ಲ. ಅಲ್ಲಿ ಆಟದ ಒಂದೊಂದು ಆದೇಶವನ್ನೂ ಓಡುತ್ತಿರುವಾಗಲೇ ಬದಲಿಸಬೇಕು, ಬಾಕ್ಸ್64 ಮಾಡುವುದು ಇದನ್ನೇ. ಇಂಟೆಲ್ ಚಿಪ್ ಒಂದೇ ಆದೇಶದಲ್ಲಿ ಮುಗಿಸುವ ಒಂದು ಬೈಟ್ ಕೂಡುವಿಕೆಗೆ ರಿಸ್ಕ್-ಫೈವ್‌ನಲ್ಲಿ 10 ಆದೇಶ ಬೇಕಾಗುತ್ತದೆ ಎಂದು ಆ ತಂಡವೇ ವಿವರಿಸಿತ್ತು. 15 ಫ್ರೇಮಿನ ಮೂಲಗಳಲ್ಲಿ ಇದೂ ಒಂದು.

ಆಟ ಓಡದ ಲಿನಕ್ಸ್ ಯಂತ್ರಕ್ಕೆ ಏನಾಗುತ್ತದೆ ಎಂಬುದಕ್ಕೆ ಪೂರ್ವನಿದರ್ಶನವಿದೆ. ವಾಲ್ವ್ ಕಂಪನಿ 2015ರ ನವೆಂಬರಿನಲ್ಲಿ ಸ್ಟೀಮ್ ಮಷಿನ್ ಎಂಬ ಹೆಸರಿನಲ್ಲಿ ಲಿನಕ್ಸ್ ಆಟದ ಯಂತ್ರಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಯಂತ್ರ ಚೆನ್ನಾಗಿತ್ತು, ಹಣಕ್ಕೂ ಹೆಸರಿಗೂ ಕೊರತೆಯಿರಲಿಲ್ಲ. ಜನ ಬಯಸಿದ ಆಟಗಳು ಮಾತ್ರ ಇರಲಿಲ್ಲ. ಯಂತ್ರ ಬಂದರೆ ಆಟಗಳು ತಾವಾಗಿ ಬರುತ್ತವೆಂದು ವಾಲ್ವ್ ನಂಬಿತ್ತು, ಬರಲಿಲ್ಲ. ಯೋಜನೆ ಮುಗ್ಗರಿಸಿತು. ಆಮೇಲೆ ಕಂಪನಿ ಕೆಲಸದ ಕ್ರಮವನ್ನೇ ತಿರುಗಿಸಿತು. 1993ರಿಂದ ಸ್ವಯಂಸೇವಕರು ಬೆಳೆಸುತ್ತ ಬಂದು, 1.0 ಆವೃತ್ತಿ ತಲುಪಲು 2008ರವರೆಗೆ ಹೆಣಗಿದ್ದ ವೈನ್‌ಗೆ ಹಣ ತೊಡಗಿಸಿ, ಎಂಜಿನಿಯರುಗಳಿಗೆ ಸಂಬಳ ಕೊಟ್ಟು, 2018ರ ಆಗಸ್ಟಿನಲ್ಲಿ ಅದರ ಮೇಲೆ ಕಟ್ಟಿದ ಪ್ರೋಟಾನ್ ತಂದಿತು. ಸ್ಟೀಮ್ ಡೆಕ್ ಯಂತ್ರ ಬಂದದ್ದು ಅದಾದ ಮೇಲೆ, 2022ರ ಫೆಬ್ರುವರಿಯಲ್ಲಿ. 2025ರ ಅಕ್ಟೋಬರಿನಲ್ಲಿ ವಾಲ್ವ್ ನಡೆಸುವ ಆಟದ ಮಳಿಗೆ ಸ್ಟೀಮ್‌ನ ಬಳಕೆದಾರರ ಸಮೀಕ್ಷೆಯಲ್ಲಿ ಲಿನಕ್ಸ್ ಪಾಲು ಮೊದಲ ಬಾರಿಗೆ ಶೇ 3 ದಾಟಿತು. ಕಿಯೋ ಈಗ ನಿಂತಿರುವುದು 2015ರ ಸ್ಟೀಮ್ ಮಷಿನ್ ನಿಂತಿದ್ದ ಜಾಗದಲ್ಲಿ.

ಇದು ಕಲಿಕೆಯ ಯಂತ್ರ, ಆಟ ಏಕೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಹಾಗೆನ್ನುವವರು ಬೆಂಗಳೂರಿನ ತರಗುಪೇಟೆಗೆ ಬಂದು ನೋಡಬೇಕು. ಪೇಟೆಯ ಮನೆಗಳಿಗೆ ಕಂಪ್ಯೂಟರ್ ಬಂದದ್ದು ಪಾಠಕ್ಕಾಗಿ ಅಲ್ಲ, ಅಂಗಡಿಯ ಲೆಕ್ಕಕ್ಕಾಗಿ. ಸಗಟು ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕ ಹಗಲೆಲ್ಲ ಲೆಕ್ಕದ ತಂತ್ರಾಂಶ ಟ್ಯಾಲಿ ತೆರೆದುಕೊಂಡಿರುವ ಯಂತ್ರದ ಮುಂದೆಯೇ ಸಂಜೆ ಶಾಲೆಯಿಂದ ಬಂದ ಮಕ್ಕಳು ಕೂರುತ್ತಾರೆ. ಆಟವಾಡಿ, ಕೆಡಿಸಿ, ಸರಿಮಾಡಿ ಕಂಪ್ಯೂಟರ್ ಕಲಿತ ತಲೆಮಾರು ಇದು. ಬೆಂಗಳೂರಿನಲ್ಲೇ ಹುಟ್ಟಿದ ಟ್ಯಾಲಿ ಕೂಡ ಇವತ್ತಿಗೂ ಬೇಡುವುದು ವಿಂಡೋಸನ್ನೇ. ಅಲ್ಲಿಗೆ ಅಪ್ಪನ ಲೆಕ್ಕವೂ ಮಗಳ ಆಟವೂ ಒಂದೇ ಬಾಗಿಲಲ್ಲಿ ಸಿಕ್ಕಿಕೊಂಡಿವೆ. ಅದೇ 18,999 ರೂಪಾಯಿ ಹಿಡಿದು ಹತ್ತಿರದ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಹೋದರೆ ಸೆಕೆಂಡ್ ಹ್ಯಾಂಡ್ ಇಂಟೆಲ್ ಡೆಸ್ಕ್‌ಟಾಪ್ ಸಿಗುತ್ತದೆ, ಎರಡೂ ಓಡುತ್ತವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತ ಮೇಲೆ, ವಿಂಡೋಸ್ 11 ಒಪ್ಪದ ಹಳೆಯ ಯಂತ್ರಗಳಿಗೆ ಲಿನಕ್ಸ್ ಮತ್ತು ವೈನ್ ಒಳ್ಳೆಯ ದಾರಿಯೂ ಹೌದು. ಸರ್ಕಾರದ ಪೆಟ್ಟಿಗೆ ಸ್ಪರ್ಧಿಸಬೇಕಿರುವುದು ಈ ಅಂಗಡಿಗಳ ಜೊತೆ.

ಬೇಸರದ ಸಂಗತಿಯೆಂದರೆ, ದಾರಿಯೂ ದುಡ್ಡೂ ಒಂದೇ ಇಲಾಖೆಯ ಕೈಯಲ್ಲಿವೆ. ದೇಶದಲ್ಲೇ ಮೊದಲು, 2012ರಲ್ಲಿ, ಅನಿಮೇಷನ್ ಮತ್ತು ಗೇಮಿಂಗ್‌ಗೆ ನೀತಿ ತಂದ ರಾಜ್ಯ ನಮ್ಮದು. 2024–29ರ ಹೊಸ ನೀತಿಗೆ 150 ಕೋಟಿ ರೂಪಾಯಿ ಗೊತ್ತುಮಾಡಿದ್ದೂ ಕಿಯೋ ಹಿಂದಿರುವ ಐಟಿ-ಬಿಟಿ ಇಲಾಖೆಯೇ. ಒಂದು ಕೈಯಿಂದ ಆಟದ ಉದ್ಯಮ ಬೆಳೆಸುತ್ತ, ಇನ್ನೊಂದು ಕೈಯಿಂದ ಆ ಉದ್ಯಮದ ಸರಕು ಓಡದ ಕಂಪ್ಯೂಟರನ್ನು ಮಕ್ಕಳಿಗೆ ಕೊಡುವುದು ಹೇಗೆ ಹೊಂದುತ್ತದೆ? ಬಾಕ್ಸ್64, ವೈನ್ ಎರಡರ ಮೂಲಸಂಕೇತವೂ ಮುಕ್ತವಾಗಿದೆ. ಅದನ್ನು ರಿಸ್ಕ್-ಫೈವ್‌ಗೆ ಹದಗೊಳಿಸಬಲ್ಲ ಎಂಜಿನಿಯರುಗಳು ಈ ಊರಿನಲ್ಲೇ ಇದ್ದಾರೆ. 150 ಕೋಟಿಯಲ್ಲಿ ಒಂದು ಪಾಲನ್ನು ಐದು ವರ್ಷ ಅವರ ಸಂಬಳಕ್ಕೆ ಮೀಸಲಿಟ್ಟರೆ ಅದರ ಫಲ ಕಿಯೋಗಷ್ಟೇ ಅಲ್ಲ, ಐಐಟಿ ಮದ್ರಾಸಿನ ರಿಸ್ಕ್-ಫೈವ್ ಮಾದರಿಯ ಶಕ್ತಿ ಪ್ರೊಸೆಸರ್‌ ಹಾದಿಯಲ್ಲಿ ಬರಲಿರುವ ದೇಶೀಯ ಯಂತ್ರಗಳಿಗೂ ಸಿಗುತ್ತದೆ.

ಕೆಲವು ಆಟಗಳು ಇದರಿಂದಲೂ ಬರುವುದಿಲ್ಲ. ವ್ಯಾಲರಂಟ್, ಫೋರ್ಟ್‌ನೈಟ್‌ಗಳ ಮೋಸ ತಡೆಯುವ ವ್ಯವಸ್ಥೆ ಲಿನಕ್ಸನ್ನು ಒಳಗೇ ಬಿಡುವುದಿಲ್ಲ. ನಡೆಯುತ್ತಿದ್ದ ಜಿಟಿಎ ಆನ್‌ಲೈನ್ ಕೂಡ 2024ರ ಸೆಪ್ಟೆಂಬರಿನಲ್ಲಿ ಹೀಗೇ ಕೈತಪ್ಪಿತು. ಅದು ಕಂಪನಿಗಳ ಜೊತೆ ಕೂತು ಮಾತಾಡಬೇಕಾದ ವಿಷಯ.

ಅಲ್ಲಿಯವರೆಗೆ ಮಾಡಬಹುದಾದ ಒಂದು ಕೆಲಸವಿದೆ, ಅದಕ್ಕೆ ಸಂಪುಟದ ಒಪ್ಪಿಗೆಯೂ ಬೇಡ. ಯಾವ ವಿಂಡೋಸ್ ಆಟ, ಯಾವ ವಿಂಡೋಸ್ ತಂತ್ರಾಂಶ ಕಿಯೋದಲ್ಲಿ ಓಡುತ್ತದೆ, ಯಾವುದು ಕುಂಟುತ್ತದೆ, ಯಾವುದು ತೆರೆಯುವುದೇ ಇಲ್ಲ ಎಂದು ಕಿಯೋನಿಕ್ಸ್ ತಾನೇ ಪರೀಕ್ಷಿಸಿ, ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕದೊಡನೆ ಕನ್ನಡದಲ್ಲಿ ಪ್ರಕಟಿಸಲಿ. ಆ ಪಟ್ಟಿ ಮುಂದಿನ ಪೆಟ್ಟಿಗೆ ಮಾರುವ ಮೊದಲೇ ಬರಲಿ.